ಇಂಬಳದ ಪಕ್ಕ ಪಹಣಿ

ಪುನರ್ವಸು ಮಳೆ ಹಿಡಿದ ದಿನ ಬಾಳೂರಿನಲ್ಲಿ ನನ್ನ ಮೊಬೈಲು ಏನೇನು ಕಂಡಿತೆಂದು ನೋಡಿದರೆ ನನಗೇ ಗಾಬರಿ. ಮೊದಲು ಮಳೆಮಾಪಕ. ಅದು ಭಾವನಿಗಾಗಿ, ನಮ್ಮಲ್ಲಿ ಎರಡು ಇಂಚು ಅಂದರೆ ಅವರ ತೋಟದಲ್ಲಿ ಎರಡು ಇಂಚು ಹತ್ತು ಸೆಂಟು ಬಿದ್ದಿರುತ್ತದೆ. ಆಮೇಲೆ ಸೊಸೈಟಿಗೆ ಬೇಕಾದ ಪಹಣಿ, ಪಕ್ಕದಲ್ಲೇ ನನ್ನ ಹಿಮ್ಮಡಿಯ ರಕ್ತ ಕುಡಿದು ದ್ರಾಕ್ಷಿಯಷ್ಟಾದ ಇಂಬಳ, ಅತ್ತೆಯ ಮಂಡಿಯ ಎಕ್ಸ್‌ರೇ, ಕರೆಂಟು ತಂತಿಗೆ ಒರಗಿದ ಸಿಲ್ವರ್ ಓಕ್, ಕೊಳೆರೋಗ ಹಿಡಿದ ಕಾಫಿ ಎಲೆ. ಕಲೆಯೆಂದು ತೆಗೆದದ್ದು ಒಂದೇ, ಬಲ್ಲಾಳರಾಯನದುರ್ಗ. ಮಂಜಿನಲ್ಲಿ ದುರ್ಗವಿರಲಿ, ನಮ್ಮ ಗೇಟೂ ಕಾಣುತ್ತಿರಲಿಲ್ಲ. "ಗೋಡೆಗೆ ಸುಣ್ಣ ಹೊಡೆಸಿದ್ರಾ?" ಎಂದರು ಭಾವ.

ಇದೇ ಮೂಡಿಗೆರೆ ಸೀಮೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋಕ್ಕಾಗಿ ಕಾದು ಕೂತವರು. ಆಗ ರೀಲಿಗೆ 36 ಚಿತ್ರ, ಮುಗಿದರೆ ಮುಗಿಯಿತು. ನನಗೆ ಆ ಲೆಕ್ಕಾಚಾರದ ಕಾಟವಿಲ್ಲ. ಇಂಬಳವನ್ನೇ ನಾಲ್ಕು ದಿಕ್ಕಿನಿಂದ ತೆಗೆದಿದ್ದೇನೆ.

ರಾತ್ರಿ ಮೊಬೈಲು ತಾನಾಗಿಯೇ ಇವನ್ನೆಲ್ಲ ಪೋಣಿಸಿ, ಹಿಂದೆ ಪಿಟೀಲು ನುಡಿಸಿ, ಮಧುರ ನೆನಪುಗಳೆಂದು ವಿಡಿಯೋ ಮಾಡಿಕೊಟ್ಟಿತು. ಅತ್ತೆಗೆ ಬಹಳ ಹಿಡಿಸಿತು. ಮಂಡಿ ಬರುವಾಗ ಪಿಟೀಲು ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತಂತೆ.