ಡ್ಯೂಕ್‌ನ ಬಾಣಂತನ

ಪಕ್ಕದ ಮನೆಯ ಬೆಕ್ಕಿಗೆ ಡ್ಯೂಕ್ ಅಂತ ಹೆಸರು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದ ತೇಪೆ ಹಾಕಿಕೊಂಡು, ಪಕ್ಕೆಲುಬು ತೋರಿಸಿಕೊಂಡು ನಮ್ಮ ಹಿತ್ತಿಲ ಬೇಲಿಯ ಮೇಲೆ ಕೂತಿರುತ್ತಿತ್ತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದು ಒಂದೇ ಗೋಡೆಗೆ ಎರಡು ಸಂಸಾರ ಆತುಕೊಂಡಿರುವ ಮನೆ. ಗೋಡೆಯಾಚೆಯವನು ಕೆಮ್ಮಿದರೆ ನಮಗೆ ಕೇಳುತ್ತದೆ, ಆದರೆ ಯಾಕೆ ಕೆಮ್ಮು ಅಂತ ವಿಚಾರಿಸುವ ರೂಢಿ ಇಲ್ಲ. ಹಾಗಾಗಿ ಅವನ ಬೆಕ್ಕು ಮಳೆಯಲ್ಲಿ ನೆನೆಯುತ್ತಿದ್ದರೂ ನಾವು ಪರದೆ ಎಳೆದುಕೊಂಡು ಸಭ್ಯರಾಗಿಯೇ ಇದ್ದೆವು.

ಆ ಸಭ್ಯತೆ ಅಮ್ಮ ಬರುವವರೆಗೆ. ತುಮರಿ ಕಡೆಯ ನಮ್ಮ ಮನೆಯಿಂದ ಹೊರಟು, ಲಾಂಚಿನಲ್ಲಿ ಹಿನ್ನೀರು ದಾಟಿ ಹೊಳೆಬಾಗಿಲಲ್ಲಿ ಇಳಿದು, ಸಾಗರದಲ್ಲಿ ಬಸ್ಸು ಹತ್ತಿ, ಬೆಂಗಳೂರಲ್ಲಿ ವಿಮಾನ ಹಿಡಿದು 2025ರ ಮಾರ್ಚಿನಲ್ಲಿ ಬಂದಿಳಿದಳು. ಆರು ತಿಂಗಳ ವಿಸಿಟರ್ ವೀಸಾ. ಹಿಂದಿನ ಸಲ ಬಂದದ್ದು ನನ್ನ ಬಾಣಂತನಕ್ಕೆ. ಈ ಸಲ ಕೆಲಸವೇನೂ ಇರಲಿಲ್ಲ. ಕೆಲಸವಿಲ್ಲದ ಮಲೆನಾಡಿನ ಹೆಂಗಸನ್ನು ಕಿಟಕಿಯ ಪಕ್ಕ ಕೂರಿಸಬಾರದು.

“ಕೂಸೇ, ಆ ಬೆಕ್ಕು ಬಸುರಿ ಇದ್ದಾಂಗಿದ್ಯಲೆ.”

“ಅಮ್ಮಾ, ಅದರ ಹೆಸರು ಡ್ಯೂಕ್. ಗಂಡು ಬೆಕ್ಕು.”

“ಹೆಸ್ರು ಎಂತದಾದ್ರೂ ಇಟ್ಕಳ್ಲಿ. ಮೂರು ಬಣ್ಣದ ಬೆಕ್ಕು ಗಂಡಾಗದುಂಟನೇ?”

ಕೇಸರಿ ಬಣ್ಣ ಕೊಡುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಹಾಗಾಗಿ ಕಪ್ಪು ಇಲ್ಲವೇ ಕೇಸರಿ, ಎರಡರಲ್ಲಿ ಒಂದು. ಎರಡೂ ಬೇಕೆಂದರೆ ಎರಡು ಎಕ್ಸ್ ಬೇಕು, ಅಂದರೆ ಹೆಣ್ಣೇ ಆಗಬೇಕು. ತಪ್ಪಿ ಹುಟ್ಟುವ ಗಂಡು ತೀರಾ ಅಪರೂಪ. ಆ ಜೀನ್ ಯಾವುದೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು ಹುಡುಕಿ ಪ್ರಕಟಿಸಿದ್ದು ಅದೇ 2025ರಲ್ಲಿ. ನಮ್ಮಮ್ಮನಿಗೆ ವಿಷಯ ಬಚ್ಚಲ ಒಲೆಯ ಮುಂದೆ ಮಲಗಿದ ಬೆಕ್ಕುಗಳಿಂದಲೇ ಗೊತ್ತಿತ್ತು. ಪ್ರಕಟಿಸಿರಲಿಲ್ಲ, ಅಷ್ಟೇ.

ಬಸುರಿ ಎಂದ ಮೇಲೆ ಬರಿಹೊಟ್ಟೆಯಲ್ಲಿ ಬಿಡುವುದುಂಟೇ. ಮೊದಲ ದಿನ ಹಾಲು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ ಎಂದೆ. “ಹಾಂಗಾರೆ ನಿನ್ನ ಅಜ್ಜಿ ಕಾಲದ ಬೆಕ್ಕೆಲ್ಲ ಭೇದಿ ಆಗೇ ಸತ್ವನೇ?” ಅಂತ ಕೇಳಿದಳು. ಮರುದಿನ ಮೊಸರನ್ನ. ಡ್ಯೂಕ್ ಒಮ್ಮೆ ಮೂಸಿ, ಅಮ್ಮನ ಮುಖವನ್ನೇ ನೋಡಿತು. ನಾಲ್ಕು ದಿನ ಉಪವಾಸವಿದ್ದ ನೆಂಟ ಬರೀ ಗಂಜಿ ಕಂಡಾಗ ನೋಡುವ ನೋಟ ಅದು.

ಬೆಕ್ಕು ಹುಟ್ಟಾ ಮಾಂಸಾಹಾರಿ, ಅದಕ್ಕೆ ಬೇಕಾದಷ್ಟು ಟಾರಿನ್ ಸಿಗುವುದು ಮುಖ್ಯವಾಗಿ ಮಾಂಸ ಮೀನಿನಲ್ಲಿ ಅಂತ ವಿವರಿಸಿದೆ. ಊರಲ್ಲಿ ಈ ಧರ್ಮಸಂಕಟವೇ ಬಂದಿರಲಿಲ್ಲ. ಅನ್ನ ಹಾಲು ನಮ್ಮ ಲೆಕ್ಕ, ಅಟ್ಟದ ಇಲಿ ಅದರ ಸ್ವಂತ ಲೆಕ್ಕ. ಹೊರಗೆ ಏನು ತಿಂದು ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಬೆಂಗಳೂರಿಗೆ ಓದಲು ಹೋದ ಮಾಣಿಗಳನ್ನು ಕೇಳದೇ ಬಿಡುವುದೂ ಅದೇ ಕ್ರಮದಲ್ಲಿ. ಇಲ್ಲಿ ಮಾತ್ರ ಪೊಟ್ಟಣದ ಮೇಲೆಯೇ ‘ಜೆಲ್ಲಿಯಲ್ಲಿ ಬಾತುಕೋಳಿ’ ಎಂದು ಬರೆದಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನಮ್ಮಮ್ಮ ಒಂದಿಡೀ ರಾತ್ರಿ ಯೋಚಿಸಿ, ಬೆಳಿಗ್ಗೆ ಪೊಟ್ಟಣಗಳನ್ನು ಹಿತ್ತಿಲ ಶೆಡ್ಡಿಗೆ ಸ್ಥಳಾಂತರಿಸಿದಳು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗವಸು, ಮುಖ ಆಚೆ ಕಡೆ, ಗಿಡ ಕತ್ತರಿಸುವ ಕತ್ತರಿಯಿಂದ ಕಚಕ್. ಆಮೇಲೆ ಸ್ನಾನ. ನಮ್ಮ ನೀರಿನ ಬಿಲ್ಲು ಏರಿದ್ದಕ್ಕೆ ಕಾರಣ ಬೆಕ್ಕು ಎಂದರೆ ನೀರಿನ ಕಂಪನಿ ನಂಬಲಿಕ್ಕಿಲ್ಲ.

ನಮ್ಮೆಜಮಾನರು ಕಾನೂನು ಓದಿ ಹೆದರುವ ಜಾತಿ. 2024ರ ಆಗಸ್ಟಿನಿಂದ ಇಲ್ಲಿ ಪೆಟ್ ಅಬ್ಡಕ್ಷನ್ ಆಕ್ಟ್ ಜಾರಿಯಲ್ಲಿದೆ, ಬೇರೆಯವರ ಬೆಕ್ಕು ಹಾರಿಸಿದರೆ ಐದು ವರ್ಷದವರೆಗೆ ಜೈಲು ಎಂದರು. “ಅತ್ತೆ ವೀಸಾ ಆರು ತಿಂಗಳದ್ದು, ಜೈಲು ಐದು ವರ್ಷದ್ದು. ರಿಟರ್ನ್ ಟಿಕೆಟ್ ಬದಲಾಯಿಸಬೇಕಾಗತ್ತೆ.” ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಪ್ರಕಾರ ಬೆಕ್ಕು ಯಾರದ್ದು ಎನ್ನುವುದು ಬೆಕ್ಕಿಗೆ ಬಿಟ್ಟ ವಿಚಾರ.

ಊರಲ್ಲಿ ಇದ್ದದ್ದು ಹಾಗೆಯೇ. ನಮ್ಮನೆ ಒಲೆಕಟ್ಟೆಯಲ್ಲಿ ಮಲಗುವ ಬೆಕ್ಕು ಊಟಕ್ಕೆ ದೊಡ್ಡಪ್ಪನ ಮನೆ, ಬಾಣಂತನಕ್ಕೆ ಕೊಟ್ಟಿಗೆಮನೆ ಅಂತ ಇಡೀ ಕೇರಿಯನ್ನು ಹಂಚಿಕೊಂಡಿರುತ್ತಿತ್ತು. ಸಾಕಿದವರು ಯಾರೂ ಇಲ್ಲ, ಹಸಿದದ್ದೂ ಇಲ್ಲ. ಇಲ್ಲಿ ಡ್ಯೂಕ್‌ಗೆ ಯಜಮಾನ ಇದ್ದಾನೆ, ಹೆಸರಿದೆ, ರಕ್ಷಣೆಗೆ ಪಾರ್ಲಿಮೆಂಟಿನ ಕಾಯಿದೆಯೂ ಇದೆ. ಊಟ ಒಂದಿರಲಿಲ್ಲ.

ಹಾಗಂತ ನಾವೇನು ಮಹಾ ದಯಾಳುಗಳಲ್ಲ. ಬೆಕ್ಕಿನ ಸಂತಾನ ಮಿತಿಮೀರಿದಾಗ ಊರಲ್ಲಿ ಇದ್ದದ್ದು ಒಂದೇ ಯೋಜನೆ: ಗೋಣಿಚೀಲ. ಬೆಕ್ಕನ್ನು ಗುಡ್ಡದಾಚೆ ಬಿಟ್ಟರೆ ನಾವು ಮನೆ ಸೇರುವುದರೊಳಗೆ ಅದು ಸೇರಿರುತ್ತದೆ. ಹೊಳೆ ದಾಟಿಸಿದರೆ ಮಾತ್ರ ಬರುವುದಿಲ್ಲ ಎಂಬುದು ಹಿರಿಯರ ನಂಬಿಕೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಮ್ಮನ್ನು ದ್ವೀಪ ಮಾಡಿದ್ದರಿಂದ ಬೇರೆ ಏನು ಲಾಭವಾಯಿತೋ ಗೊತ್ತಿಲ್ಲ, ಬೆಕ್ಕು ಬಿಡಲು ಮಾತ್ರ ಭಾರೀ ಅನುಕೂಲವಾಯಿತು. ಲಾಂಚಿನಲ್ಲಿ ಬಸ್ಸು, ಜೀಪು, ಸಿಗಂದೂರಿನ ಭಕ್ತರು, ಅಡಿಕೆ ಮೂಟೆ. ನಡುವೆ ಕಾಲಬುಡದಲ್ಲಿ ಒಂದು ಗೋಣಿಚೀಲ ಮ್ಯಾಂವ್ ಎನ್ನುತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಏಕೆಂದರೆ ನಾಳೆ ಅವರ ಪಾಳಿ. ತಮಾಷೆಯೆಂದರೆ ಆಚೆ ದಡದವರಿಗೂ ಹಿರಿಯರಿದ್ದರು, ಅವರಿಗೂ ಇದೇ ನಂಬಿಕೆ ಇತ್ತು. ನಾವು ಹೊಳೆಬಾಗಿಲಿಗೆ ದಾಟಿಸಿದಷ್ಟೇ ಬೆಕ್ಕುಗಳನ್ನು ಅವರು ಕಳಸವಳ್ಳಿ ಕಡೆಗೆ ಕಳಿಸುತ್ತಿದ್ದರು. ಒಟ್ಟು ಲೆಕ್ಕದಲ್ಲಿ ಬೆಕ್ಕುಗಳು ಎಲ್ಲಿಯೂ ಕಡಿಮೆಯಾಗಲಿಲ್ಲ, ಊರು ಬದಲಾಯಿಸಿದವು.

ರೆಡಿಂಗ್‌ನಲ್ಲಿ ಥೇಮ್ಸ್ ಇದೆ, ಲಾಂಚೂ ಇದೆ. ಅಮ್ಮ ಅದನ್ನು ಗಮನಿಸಿದ್ದಳು ಎಂಬುದು ನನಗೆ ಗೊತ್ತು.

ಮೇ ತಿಂಗಳ ಮೊದಲ ವಾರ ಡ್ಯೂಕ್ ನಮ್ಮ ಶೆಡ್ಡಿನಲ್ಲಿ, ಅಮ್ಮನ ತೆರೆದ ಸೂಟ್‌ಕೇಸಿನೊಳಗೆ, ಅಪ್ಪನ ಪಾಣಿಪಂಚೆಯ ಮೇಲೆ ನಾಲ್ಕು ಮರಿ ಹಾಕಿತು. ಒಂದು ತಾಯಿಯ ಹಾಗೆ, ಒಂದು ಕಡುಗಪ್ಪು, ಒಂದು ಪೂರ್ತಿ ಕೇಸರಿ, ಒಂದು ಬೂದುಪಟ್ಟೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದು ಬೆಕ್ಕುಗಳಲ್ಲಿ ಸಾಧ್ಯ ಎಂದು ಎಜಮಾನರು ಓದಿ ಹೇಳಿದರು. ಅಮ್ಮ ಬೀದಿಯುದ್ದಕ್ಕೂ ಕಣ್ಣು ಹಾಯಿಸಿ, “ಇಲ್ಲಿಯವು ಒಂದಕ್ಕೊಂದು ಮಾತಾಡೂದಿಲ್ಲ ಅಂತ ಸುಮ್ನೆ ಹೇಳ್ತೀ” ಎಂದಳು.

ಬೆಕ್ಕಿನ ಯಜಮಾನನಿಗೆ ಸುದ್ದಿ ಮುಟ್ಟಿಸಲೇಬೇಕು. ಊರಿಂದ ತಂದ, ಕಾಗದದಂತೆ ಮಡಿಚಿದ ಸಿಹಿ ತೊಡೆದೇವು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಅಮ್ಮ ಬಾಗಿಲು ತಟ್ಟಿದಳು. ನಾನು ಹಿಂದೆ. ರಾತ್ರಿಪಾಳಿ ಮುಗಿಸಿ ಮಲಗಿದ್ದವನು ಕಣ್ಣುಜ್ಜುತ್ತಾ ಬಂದ.

“ಯುವರ್ ಡ್ಯೂಕ್,” ಅಮ್ಮ ತಟ್ಟೆ ಚಾಚಿ ಹೇಳಿದಳು, “ಈಸ್ ಮದರ್.”

ಅವನು ತುಂಬ ಹೊತ್ತು ಸುಮ್ಮನಿದ್ದು, “ಬಟ್ ಹೀಸ್ ಅ ಬಾಯ್” ಎಂದ. ಆಮೇಲೆ ಮರ್ಯಾದೆಗೆ ಒಂದು ತೊಡೆದೇವು ಎತ್ತಿಕೊಂಡು, ಒಳಗೆ ಸಿಹಿ ಇರಬಹುದೆಂದು ಮಡಿಕೆ ಬಿಚ್ಚುತ್ತಾ ಹೋದ. ಪೂರಾ ಬಿಚ್ಚಿದರೂ ಒಳಗೆ ಏನೂ ಇಲ್ಲ. ಕಾಗದವನ್ನೇ ತಿನ್ನಬೇಕು ಎಂದು ಅಮ್ಮ ಸನ್ನೆ ಮಾಡಿದಳು. ಒಂದು ಬೆಳಿಗ್ಗೆ ಒಬ್ಬ ಮನುಷ್ಯ ತಾಳಿಕೊಳ್ಳಲು ಇಷ್ಟು ಹೆಚ್ಚೇ ಆಯಿತು.

ಕೂರಿಸಿ ಮಾತಾಡಿಸಿದಾಗ ತಿಳಿದದ್ದು: ಬೆಕ್ಕು ಅವನ ಗೆಳತಿಯದು, ಅವಳು ಬಿಟ್ಟುಹೋಗುವಾಗ ಬೆಕ್ಕನ್ನೂ ಬಿಟ್ಟುಹೋಗಿದ್ದಳು. ಡಾಕ್ಟರ ಹತ್ತಿರ ಒಯ್ಯಲು ಅವನಿಗೆ ಹೆದರಿಕೆ. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ 20 ವಾರ ತುಂಬಿದ ಸಾಕುಬೆಕ್ಕಿಗೆಲ್ಲ ಮೈಕ್ರೋಚಿಪ್ ಕಡ್ಡಾಯ. ಇಲ್ಲದ್ದು ಪತ್ತೆಯಾದರೆ 21 ದಿನದೊಳಗೆ ಹಾಕಿಸಬೇಕು, ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಡ್ಯೂಕ್‌ಗೆ ಚಿಪ್ಪೂ ಇಲ್ಲ, ಮರಿಯಾಗದ ಆಪರೇಷನ್ನೂ ಆಗಿಲ್ಲ. ಆಪರೇಷನ್ನಿನ ಖರ್ಚಿಗೆ ಕೈ ಸಾಲದವರಿಗೆ ಸಹಾಯ ಮಾಡುವ ಸಂಸ್ಥೆಗಳಿವೆ ಎಂದು ನಾನು ಹೇಳಿದೆ. 1927ರಲ್ಲಿ ಶುರುವಾದ ಕ್ಯಾಟ್ಸ್ ಪ್ರೊಟೆಕ್ಷನ್ ಅಂಥದ್ದೊಂದು, ನಾಲ್ಕು ತಿಂಗಳಿಗೇ ಮಾಡಿಸಿಬಿಡಿ ಅನ್ನುವುದು ಅವರ ಸಲಹೆ. ಯಜಮಾನನ ಒಪ್ಪಿಗೆ ಇಲ್ಲದೆ ಡಾಕ್ಟರು ಕೈ ಹಾಕುವುದಿಲ್ಲವಾದ್ದರಿಂದ ಅವನ ‘ಹೂಂ’ ಬೇಕಿತ್ತು. ಅಮ್ಮ ಎರಡನೇ ತೊಡೆದೇವು ಕೊಟ್ಟಳು. ಹೂಂ ಅಂದ.

ಅಲ್ಲಿಗೆ ಬಾಣಂತನ ಶಾಸ್ತ್ರೋಕ್ತವಾಗಿ ಶುರುವಾಯಿತು. ಶೆಡ್ಡಿಗೆ ಗಾಳಿ ಬರದಂತೆ ನನ್ನ ಯೋಗದ ಚಾಪೆ ಅಡ್ಡ ಬಂತು. ನನಗೆ ಮೂರು ಹೊತ್ತೂ ಮೆಣಸಿನ ಸಾರು ಕುಡಿಸಿದ ಇದೇ ಅಮ್ಮ ಡ್ಯೂಕ್‌ಗೆ ಕೇಳಿದಾಗೆಲ್ಲ ಬಾತುಕೋಳಿ ಬಡಿಸಿದಳು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬ ಮಾತನ್ನು ಡ್ಯೂಕ್ ಎಲ್ಲಿ ಕೇಳಿತ್ತೋ. ಶೆಡ್ಡಿನಿಂದ ವಾಷಿಂಗ್ ಮೆಷಿನ್ನಿನ ಹಿಂದೆ, ಅಲ್ಲಿಂದ ಮಗನ ಆಟಿಕೆ ಡಬ್ಬಕ್ಕೆ, ಅಲ್ಲಿಂದ ಪ್ರಿಂಟರಿನ ಸಂದಿಗೆ. “ಇನ್ನೂ ಮೂರು ಬಾಕಿ” ಎಂದು ಅಮ್ಮ ಲೆಕ್ಕವಿಟ್ಟಳು. ಹಾಲೂಡುವಾಗಲೇ ಬೆಕ್ಕು ಮತ್ತೆ ಬಸುರಾಗಬಹುದು, ಹೊರಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಅಮ್ಮ ಬೇಲಿಯ ಮೇಲೆ ಬಂದು ಕೂರುವ ಬೂದುಬಣ್ಣದ ಗಂಡುಬೆಕ್ಕಿನ ಮೇಲೆ ಕಸಬರಿಗೆ ಹಿಡಿದು ಪಹರೆ ನಿಂತಳು. “ಹೆರಿಗೆಗೆ ಒಂದೂ ಬರ್ಲಿಲ್ಲ, ಈಗ ಬಂದ!”

ಮರಿ ದಾಟಿಸುವ ಕೆಲಸ ಇಲ್ಲಿರುವ ನಮ್ಮೂರ ಕಡೆಯವರ ವಾಟ್ಸಾಪ್ ಗುಂಪಿಗೆ ಬಿತ್ತು. ಫೋಟೋಗೆ ಹೃದಯಗಳ ಸುರಿಮಳೆ, ಮರಿಗೆ ಗಿರಾಕಿ ಇಲ್ಲ. ಒಬ್ಬರಿಗೆ ಅಲರ್ಜಿ, ಒಬ್ಬರಿಗೆ ಬಾಡಿಗೆ ಕರಾರು, ಒಬ್ಬರಿಗೆ ಹೊಸ ಸೋಫಾ. ಕೊನೆಗೆ ಹೊಸನಗರ ಕಡೆಯ ದಂಪತಿ ಎರಡನ್ನು ಒಯ್ದರು, ತೀರ್ಥಹಳ್ಳಿಯವರೊಬ್ಬರು ಕರಿಯದ್ದನ್ನು. ಎಲ್ಲರಿಂದಲೂ ಅಮ್ಮ ಆಪರೇಷನ್ ಮಾಡಿಸುವುದಾಗಿ ಸಿಗಂದೂರು ಚೌಡಮ್ಮನ ಮೇಲೆ ಆಣೆ ಹಾಕಿಸಿಕೊಂಡಳು. ನಾಲ್ಕನೆಯದು, ಕೇಸರಿ, ನನ್ನ ಮಗನ ಹಾಸಿಗೆಯಲ್ಲಿದೆ. ಅದರ ಬಗ್ಗೆ ಮನೆಯಲ್ಲಿ ಚರ್ಚೆ ಆಗಲೇ ಇಲ್ಲ.

ಜುಲೈ 14ರಂದು ಊರಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ. ಆರು ದಶಕ ಕಾದ ಸೇತುವೆ. ಅದಕ್ಕಾಗಿ ಹೋರಾಡಿದ ಊರಿನವಳು ಅಂದು ರೆಡಿಂಗ್‌ನಲ್ಲಿ ಡ್ಯೂಕ್‌ನ ಹೊಲಿಗೆಗೆ ಕಾವಲು ಕೂತು ಫೋನಿನಲ್ಲಿ ನೋಡಿದಳು. ಕಣ್ಣಲ್ಲಿ ನೀರೂ ಬಂತು. ಒರೆಸಿಕೊಂಡು ಹೇಳಿದ್ದು ಮಾತ್ರ ಇಷ್ಟು: “ಇನ್ನು ಹೊಳೆಯಾಚೆ ಬಿಟ್ಟ ಬೆಕ್ಕೆಲ್ಲ ನಡ್ಕಂಡೇ ಬತ್ತದೆ. ಊರಲ್ಲೂ ಆಪರೇಷನ್ನೇ ಸೈ.”

ಡ್ಯೂಕ್‌ಗೆ ಚಿಪ್ ಹಾಕಿಸಲು ಹೋದಾಗ ಯಜಮಾನ ಫಾರಂ ತುಂಬಿದ. ತಾನು ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬ ಜಾಗದಲ್ಲಿ ನನ್ನ ನಂಬರ್ ಕೇಳಿಯಾನೆಂದು ಬಾಯಿ ತೆರೆದೆ. ಅವನು ಆಗಲೇ ಅಮ್ಮನಿಂದ ಬರೆಸಿಕೊಂಡಿದ್ದ: ಪ್ಲಸ್ ತೊಂಬತ್ತೊಂದರಿಂದ ಶುರುವಾಗುವ, ನಮ್ಮನೆ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ, ತುಮರಿ ಮನೆಯ ನಂಬರು.