ಏಕಸಂಬಿ ಸಂದೇಶಶಾಸ್ತ್ರ: ಸೇವಾಸಂಸ್ಥೆಗಳ ಮೊಬೈಲ್ ಬಳಕೆಯ ಕುರಿತ ಒಂದು ಮಹಾಗ್ರಂಥದ ಸಂಗ್ರಹ

ಪೀಠಿಕೆ

ನಾಟ್ಯಕ್ಕೆ ಶಾಸ್ತ್ರವಿದೆ, ಪಾಕಕ್ಕೆ ಶಾಸ್ತ್ರವಿದೆ, ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂದು ಹೇಳುವುದಕ್ಕೂ ಶಾಸ್ತ್ರವಿದೆ. ಬೆಳಗಿನಿಂದ ರಾತ್ರಿಯವರೆಗೆ ಟಣ್ ಎನ್ನುತ್ತಲೇ ಇರುವ ಮೊಬೈಲಿಗೆ ಮಾತ್ರ ಶಾಸ್ತ್ರವಿಲ್ಲ. ಈ ಕೊರತೆಯಿಂದ ಹೆಚ್ಚು ಬಳಲಿದವು ಟ್ರಸ್ಟು, ಮಂಡಳ, ಮಹಿಳಾ ಸಂಘ, ಯುವಕ ಸಂಘಗಳೆಂಬ ಸೇವಾಸಂಸ್ಥೆಗಳು. ಅವುಗಳ ಉದ್ಧಾರಕ್ಕಾಗಿ ಹುಟ್ಟಿದ ಗ್ರಂಥವೇ ‘ಏಕಸಂಬಿ ಸಂದೇಶಶಾಸ್ತ್ರ’. ಗ್ರಂಥಕರ್ತನ ಹೆಸರು ತಿಳಿಯದು; ಪ್ರತಿಯ ಕೊನೆಯಲ್ಲಿ ‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಎಂದಷ್ಟೇ ಇದೆ.

ಶಾಸ್ತ್ರಕ್ಕೊಂದು ಕ್ಷೇತ್ರ ಬೇಕು. ನೈಮಿಷಾರಣ್ಯ ದೂರವಾದ್ದರಿಂದ ಏಕಸಂಬಿಯನ್ನು ಆರಿಸಲಾಗಿದೆ. ಊರು ಚಿಕ್ಕೋಡಿ ತಾಲ್ಲೂಕಿನದು, ಪಕ್ಕದಲ್ಲಿ ದೂಧಗಂಗಾ, ಆಚೆಗೆ ಮಹಾರಾಷ್ಟ್ರ. ಮನೆಯಲ್ಲೊಂದು, ಸಂತೆಯಲ್ಲೊಂದು ಮಾತು. ಕನ್ನಡ, ಮರಾಠಿ ಎರಡೂ ಒಂದೇ ಗ್ರೂಪಿನಲ್ಲಿ ನಡೆಯುತ್ತವೆ. ಸಂದೇಶ ಕಳಿಸುವವನಿಗೆ ಇದಕ್ಕಿಂತ ಕಠಿಣ ಪರೀಕ್ಷಾ ಕೇಂದ್ರ ಸಿಗದು.

ಅಧ್ಯಾಯ 1: ಮೊದಲ ಪೋಸ್ಟು

ಸೇವೆಯ ಪ್ರಚಾರ ಸ್ಮಾರ್ಟ್‌ಫೋನಿನ ಜತೆ ಹುಟ್ಟಿತೆಂಬುದು ಅಲ್ಪಜ್ಞರ ಮತ. ಏಕಸಂಬಿಯಲ್ಲಿ ಅದು 1165ರ ಹೊತ್ತಿಗೇ ಇತ್ತು. ಶಿಲಾಹಾರ ದೊರೆ ವಿಜಯಾದಿತ್ಯನ ದಂಡನಾಯಕ ಕಾಳಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ವಿಜಯಕೀರ್ತಿ ಆಚಾರ್ಯರಿಗೆ ದತ್ತಿ ಸಂದಿತು. ಬಸದಿಯ ಸುದ್ದಿ ಕೇಳಿ ರಟ್ಟ ದೊರೆ ಕಾರ್ತವೀರ್ಯನೂ ನೋಡಲು ಬಂದ. ಇಷ್ಟನ್ನೂ ನಮಗೆ ಮುಟ್ಟಿಸಿದ್ದು ಇಲ್ಲಿಯ ಶಾಸನ. ಕಾರ್ತವೀರ್ಯನ ಭೇಟಿಯನ್ನು ‘ಲೈಕ್’ ಎನ್ನಬೇಕೋ ‘ಶೇರ್’ ಎನ್ನಬೇಕೋ ಎಂಬಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ದಾನಶಾಸನಗಳ ಪದ್ಧತಿಯನ್ನು ಶಾಸ್ತ್ರಕಾರರು ಮನಸಾರೆ ಮೆಚ್ಚುತ್ತಾರೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ, ಎಷ್ಟು ಭೂಮಿ, ಅದರ ನಾಲ್ಕೂ ಎಲ್ಲೆಗಳಲ್ಲಿ ಏನಿದೆ, ಸಾಕ್ಷಿ ಯಾರು, ಎಲ್ಲವೂ ಒಂದೇ ಕಲ್ಲಿನಲ್ಲಿ ಸಿಗುತ್ತವೆ. ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬ ಶಾಪಾಶಯವೂ ಇಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯ. ಇದನ್ನು ನಿಬಂಧನೆ ಮತ್ತು ಷರತ್ತುಗಳೆಂದು ತಿಳಿಯತಕ್ಕದ್ದು. ಇಂದಿನ ವಾಟ್ಸಪ್ ಸ್ಟೇಟಸ್ಸಿನ ಆಯುಷ್ಯ 24 ಗಂಟೆ. ಕಾಳಣನ ಸ್ಟೇಟಸ್ ಎಂಟೂವರೆ ಶತಮಾನ ದಾಟಿದೆ, ಯಾವ ಅಡ್ಮಿನ್ನಿಗೂ ಅಳಿಸಲಾಗಿಲ್ಲ.

ಅಧ್ಯಾಯ 2: ಸಂದೇಶಗಳ ವರ್ಗೀಕರಣ

ಸೇವಾಸಂಸ್ಥೆಯ ಗ್ರೂಪಿನಲ್ಲಿ ಕಾಣಸಿಗುವ ಸಂದೇಶಗಳು ನಾಲ್ಕು ವಿಧ. ಒಂದು, ಪ್ರಭಾತ ಸಂದೇಶ: ಗುಲಾಬಿ, ಚಹಾದ ಕಪ್ಪು, ಯಾರದೋ ಹೆಸರಿಗೆ ಅಂಟಿಸಿದ ಸುಭಾಷಿತ. ಎರಡು, ಸತ್ಕಾರ ಸಂದೇಶ: ಶಾಲು, ಹಾರ, ಫೇಟಾ. ಮೂರು, ವಿಷಾದ ಸಂದೇಶ. ಇದರ ಕೆಳಗೆ ಒಬ್ಬರಾದರೂ ಅವಸರದಲ್ಲಿ ‘ಅಭಿನಂದನೆಗಳು’ ಎಂದು ಹಾಕುವುದು ರೂಢಿ. ನಾಲ್ಕು, ಕಾರ್ಯ ಸಂದೇಶ. ‘ನಾಳೆ ಮುಂಜಾನೆ ಕಣ್ಣಿನ ತಪಾಸಣೆ ಶಿಬಿರ ಐತಿ, ಎಲ್ಲಾರೂ ಬರ್ರಿ’ ಎಂಬುದು ಈ ಕೊನೆಯ ವರ್ಗಕ್ಕೆ ಸೇರಿದ್ದು. ಅದರ ಹಿಂದೆಯೇ ಕೈ ಮುಗಿಯುವ ಇಮೋಜಿಗಳ ದಿಂಡಿ ಹೊರಡುತ್ತದೆ. ದಿಂಡಿ ಮುಗಿಯುವ ಹೊತ್ತಿಗೆ ಯಾರೋ ಕಾಕಾ ಕೇಳುತ್ತಾರೆ: ‘ಶಿಬಿರ ಎಲ್ಲೈತ್ರಿ?’

ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಶಾಸ್ತ್ರದ ಹುಟ್ಟಿಗೆ ಇದೇ ಕಾರಣ.

ಪೂರ್ವಪಕ್ಷದವರ ವಾದ: ಜನ ಹೆಚ್ಚಾದರೆ ಸಂದೇಶ ತಾನಾಗಿ ಮುಟ್ಟುತ್ತದೆ. ವಾಟ್ಸಪ್ ಗ್ರೂಪಿನ ಮಿತಿ 256 ಇದ್ದದ್ದು 2022ರಲ್ಲಿ 1024ಕ್ಕೆ ಏರಿದಾಗ ಇವರು ಪೇಢೆ ಹಂಚಿದರೆಂದು ಪ್ರತೀತಿ. ಸಿದ್ಧಾಂತಿಗಳ ಉತ್ತರ: ಕೇಳುವವರು ನಾಲ್ಕು ಪಟ್ಟು ಹೆಚ್ಚಿದರೆ ಗುಲಾಬಿಗಳೂ ನಾಲ್ಕು ಪಟ್ಟು ಹೆಚ್ಚುತ್ತವೆ, ಶಿಬಿರದ ಸುದ್ದಿ ಅಷ್ಟೇ ಆಳಕ್ಕೆ ಇಳಿಯುತ್ತದೆ. ಅಡ್ಮಿನ್ ಮಾತ್ರ ಬರೆಯಬಹುದೆಂಬ ಸೌಕರ್ಯ 2018ರಿಂದಲೇ ಇದೆ. ಅದನ್ನು ಒತ್ತಿದರೆ ಗುಲಾಬಿ ನಿಲ್ಲುತ್ತದೆ, ಕಾಕಾನ ಪ್ರಶ್ನೆಯೂ ನಿಲ್ಲುತ್ತದೆ. ಆದ್ದರಿಂದ ಎರಡು ಗ್ರೂಪು ವಿಧಿಸಲಾಗಿದೆ: ಒಂದು ಸುದ್ದಿಗೆ, ಇನ್ನೊಂದು ಪ್ರಶ್ನೆಗೆ. ಎರಡನೆಯದಕ್ಕೆ ದಿನಾ ಸಂಜೆ ಉತ್ತರ ಕೊಡುವ ಒಬ್ಬ ಜೀವಂತ ಮನುಷ್ಯ ಕಡ್ಡಾಯ. ಅಧ್ಯಕ್ಷರು ಈ ಹುದ್ದೆಗೆ ಅನರ್ಹರು.

ಫಾರ್ವರ್ಡ್ ವಿಚಾರದಲ್ಲಿ ಮಾತ್ರ ಶಾಸ್ತ್ರ ತಮಾಷೆ ಬಿಟ್ಟು ಮಾತಾಡುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ಸಾವುಗಳಾದ ಮೇಲೆ ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಬಂತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಸಂಸ್ಥೆಯ ಹೆಸರಿನಿಂದ ಹೋದ ವದಂತಿಗೆ ಊರಿನಲ್ಲಿ ಬೆಲೆ ಹೆಚ್ಚು. ಹಾಗಾಗಿ ಸಂಸ್ಥೆಯ ಫೋನಿಗೆ ವಿಧಿಸಿದ ಮಿತಿ ಸೊನ್ನೆ.

ಅಧ್ಯಾಯ 3: ಫೋಟೊ ಮೀಮಾಂಸೆ

ಸೂತ್ರ: ಒಂದು ನೋಟುಬುಕ್ಕಿನ ನಾಲ್ಕು ಮೂಲೆಗಳನ್ನು ಹಿಡಿಯಬಲ್ಲ ಗಣ್ಯರ ಸಂಖ್ಯೆಗೆ ಮೇಲ್ಮಿತಿ ಇಲ್ಲ.

ವ್ಯಾಖ್ಯಾನ: ಪುಸ್ತಕ ಪಡೆಯುವ ಹುಡುಗಿ ಚಿತ್ರದಲ್ಲಿ ಇದ್ದಾಳೆ. ಎಡದಿಂದ ಮೂರನೆಯ ಜಾಕೀಟಿನ ಹಿಂದೆ ಅವಳ ರಿಬ್ಬನ್ ಕಾಣುತ್ತದೆ.

‘ಫೋಟೊ ಇಲ್ಲದಿದ್ದರೆ ದಾನಿ ನಂಬುವುದಿಲ್ಲ’ ಎಂಬ ಪೂರ್ವಪಕ್ಷದಲ್ಲಿ ಹುರುಳಿಲ್ಲದಿಲ್ಲ. ಆದರೆ ಪುರಾವೆಗೆ ಮುಖವೇ ಆಗಬೇಕೆಂದೇನಿಲ್ಲ. ರಿಪೇರಿಯಾದ ಶಾಲೆಯ ಹಂಚು, ಅಂಗಡಿಯ ಬಿಲ್ಲು, ತುಂಬಿದ ಹಾಜರಿ ಪುಸ್ತಕ, ತಿಂಗಳ ಲೆಕ್ಕ ಬರೆದ ಕರಿಹಲಗೆ ಎಲ್ಲವೂ ನಡೆಯುತ್ತವೆ. ಕೆಲವು ಕಡೆ ಮುಖ ತೋರಿಸುವುದೇ ಅಪರಾಧ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಅನಾಥಾಲಯದಲ್ಲಿ ಹುಟ್ಟುಹಬ್ಬ ಮಾಡಿ, ಕೇಕ್ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೇಸ್‌ಬುಕ್ಕಿಗೆ ಏರಿಸುವವರು ಮೇಣದಬತ್ತಿ ಊದುವ ಮುಂಚೆ ಈ ಕಲಮನ್ನು ಪಠಿಸತಕ್ಕದ್ದು. ಹೊಲಿಗೆ ಯಂತ್ರ ಪಡೆದ ಅಕ್ಕನ ಚಿತ್ರ ಹಾಕುವುದಾದರೆ ಅವಳನ್ನು ಕೇಳಬೇಕು, ಅದೂ ಯಂತ್ರ ಅವಳ ಮನೆ ಸೇರಿದ ಮೇಲೆ. ಯಂತ್ರ ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ‘ಹೂಂ ರೀ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಅಧ್ಯಾಯ 4: ಜಲಪ್ರಕರಣ

ಈ ಭಾಗದಲ್ಲಿ ಮಳೆಗಾಲವೆಂದರೆ ತಮ್ಮ ಊರಿನಲ್ಲಿ ಬಿದ್ದ ಮಳೆಯಷ್ಟೇ ಅಲ್ಲ. ಸಹ್ಯಾದ್ರಿಯ ಮೇಲೆ ಸುರಿದ ಮಳೆ ಕೃಷ್ಣಾ, ದೂಧಗಂಗಾ, ವೇದಗಂಗೆಗಳಲ್ಲಿ ಇಳಿದು ಬರುತ್ತದೆ. ಊರಿನಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಿಗೆ ಹಳೆಯದು. 2019ರ ಆಗಸ್ಟ್‌ನಲ್ಲಿ ನೀರು ಸೇತುವೆಗಳಿಗೆ ತೃಪ್ತಿಪಡದೆ ಊರುಗಳಿಗೇ ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ಬಂತು.

ಹೊಳೆ ಏರುವಾಗ ಗ್ರೂಪಿನಲ್ಲಿ ಎರಡು ಬಗೆಯ ಪಠ್ಯಗಳು ಹರಿಯುತ್ತವೆ. ಮೊದಲನೆಯದು: ‘ಎಚ್ಚರ!! ಡ್ಯಾಮ್ ಬಾಗಿಲು ತೆರೆದರು!! ಎಲ್ಲರಿಗೂ ಕಳಿಸಿ!!’ ಯಾವ ಡ್ಯಾಮು, ಯಾವ ವರ್ಷದ ಬಾಗಿಲು ಎಂಬುದನ್ನು ಓದುಗನ ಕಲ್ಪನೆಗೆ ಬಿಡಲಾಗಿದೆ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ಧ್ವನಿಕಾವ್ಯ. ಎರಡನೆಯದು ಶುಷ್ಕ ಗದ್ಯ: ‘ಇಂದು ಮಂಗಳವಾರ, ಸಂಜೆ 5 ಗಂಟೆ. ಕಲ್ಲೋಳ-ಯಡೂರ ಸೇತುವೆ ಬಂದ್. ಸುತ್ತು ದಾರಿ ಇಂಥದ್ದು. ಕಾಳಜಿ ಕೇಂದ್ರ ಇಂಥ ಶಾಲೆಯಲ್ಲಿ. ದನಗಳಿಗೂ ಜಾಗ ಐತಿ. ಹೇಳಿದವರು ತಹಶೀಲ್ದಾರ ಕಚೇರಿಯವರು. ಮುಂದಿನ ಸುದ್ದಿ ರಾತ್ರಿ 8ಕ್ಕ.’

ರಸವಿಲ್ಲ, ಗುಣವಿಲ್ಲ, ಆಶ್ಚರ್ಯಸೂಚಕ ಒಂದೂ ಇಲ್ಲ. ಆದರೆ ಇದನ್ನೋದಿದವನು ಎಮ್ಮೆ ಬಿಚ್ಚಿಕೊಂಡು ಯಾವ ಕಡೆ ಹೊರಡಬೇಕೆಂದು ತಿಳಿಯುತ್ತಾನೆ. ‘ದನಗಳಿಗೂ ಜಾಗ ಐತಿ’ ಎಂಬ ವಾಕ್ಯವನ್ನು ಶಾಸ್ತ್ರಕಾರರು ಮಹಾವಾಕ್ಯವೆಂದು ಕರೆದಿದ್ದಾರೆ. ಅದು ಬಿಟ್ಟುಹೋದರೆ ರೈತ ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ. ನೆರವು ಕೇಳುವಾಗಲೂ ಇದೇ ನಿಯಮ: ಏನು ಬೇಕು, ಎಷ್ಟು ಬೇಕು, ಎಂದಿನವರೆಗೆ ಬೇಕು, ಮುಖ್ಯವಾಗಿ ಏನು ಬೇಡ. ‘ಹಳೇ ಬಟ್ಟೆ ಸಾಕು, ಚಾಪೆ ಬೇಕು’ ಎಂದು ಬರೆಯಲು ನಾಚುವ ಸಂಸ್ಥೆಗೆ ಮುಂದಿನ ಬೇಸಿಗೆಯವರೆಗೂ ಬಟ್ಟೆಯ ಗಂಟು ಬಿಚ್ಚುವ ಕೆಲಸವಿರುತ್ತದೆ.

ಅಧ್ಯಾಯ 5: ಕರ್ಣಾಧಿಕಾರ

ಕಣ್ಣಿಗೆ ಅಕ್ಷರ ಬೇಕು, ಕಿವಿಗೆ ಬೇಡ. ಈ ತತ್ತ್ವ ಕೋಲಾರ ಜಿಲ್ಲೆಯ ಬೂದಿಕೋಟೆಯವರಿಗೆ ಸ್ಮಾರ್ಟ್‌ಫೋನಿಗಿಂತ ಮುಂಚೆಯೇ ಹೊಳೆದಿತ್ತು; ಅಲ್ಲಿಯ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಕೇಬಲ್ ತಂತಿಯ ಮೂಲಕ ಊರಿನವರ ಮಾತನ್ನು ಊರಿಗೇ ಕೇಳಿಸಿತು. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುರುವಾದ ‘ಸಿಜಿನೆಟ್ ಸ್ವರ’ದಲ್ಲಿ ಹಳ್ಳಿಗರು ಮಾಮೂಲಿ ಫೋನಿನಿಂದಲೇ ತಮ್ಮೂರಿನ ಸುದ್ದಿ, ದೂರು ಹೇಳಿ ದಾಖಲಿಸಿದರು. ಮೈಸೂರಿನ ಗ್ರಾಮ್ ಸಂಸ್ಥೆಯ ‘ಆರೋಗ್ಯಶ್ರೇಣಿ’ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಗ್ಗೆ ಫೋನೇ ಪ್ರಶ್ನೆ ಕೇಳುತ್ತಿತ್ತು, ಹಳ್ಳಿಯ ಸಮಿತಿಯವರು ಗುಂಡಿ ಒತ್ತಿ ಉತ್ತರಿಸುತ್ತಿದ್ದರು. ಮೂರರಲ್ಲೂ ಸಾಮಾನ್ಯ ಅಂಶವೊಂದಿದೆ: ಮಾತಾಡಿದ್ದು ಸಂಸ್ಥೆಯಷ್ಟೇ ಅಲ್ಲ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸಿನ ಎರಡೂ ಕೈ, ಎರಡೂ ಕಣ್ಣು ಎಲೆ-ತಂಬಾಕಿನಲ್ಲಿ ಸಿಕ್ಕಿಕೊಂಡಿರುತ್ತವೆ. ಬಿಡುವಾಗಿರುವುದು ಕಿವಿಯೊಂದೇ. ಅವಳಿಗೆ ಎಂಟು ಪುಟದ ಪಿಡಿಎಫ್ ಕಳಿಸುವ ಸಂಸ್ಥೆಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ವಿಧಿಸಲಾಗಿದೆ: ಆ ಪಿಡಿಎಫ್ಫನ್ನು ಕಾರ್ಯದರ್ಶಿಯೇ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಅವರೇ ಅದನ್ನು ಒಂದು ನಿಮಿಷದ ಧ್ವನಿ ಸಂದೇಶಕ್ಕೆ ಇಳಿಸುತ್ತಾರೆ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ದನಿ ಊರಿಗೆ ಪರಿಚಯವಿರುವ ಆಶಾ ಕಾರ್ಯಕರ್ತೆಯದಾದರೆ ಉತ್ತಮ, ಹಿನ್ನೆಲೆ ಸಂಗೀತ ನಿಷಿದ್ಧ. ಫೋನು ಗಂಡನ ಅಥವಾ ಮಗನ ಕಿಸೆಯಲ್ಲಿ ಇರುವ ಮನೆಗೆ ಯಾವ ತಂತ್ರಜ್ಞಾನವೂ ಸಾಲದು. ಅಲ್ಲಿಗೆ ನಡೆದುಕೊಂಡೇ ಹೋಗಬೇಕು.

ಅಕ್ಷರ ಕಳಿಸಲೇಬೇಕೆಂದರೆ ಯುನಿಕೋಡಿನಲ್ಲಿ ಕಳಿಸತಕ್ಕದ್ದು. ಕಚೇರಿ ಕಂಪ್ಯೂಟರಿನ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಆಮಂತ್ರಣ ಫೋನಿಗೆ ಬಂದಾಗ ಯಾವ ಲಿಪಿತಜ್ಞರಿಗೂ ಬಗ್ಗದ ಹೊಸ ಶಾಸನವಾಗಿರುತ್ತದೆ.

ಅಧ್ಯಾಯ 6: ಅರ್ಥಶಾಸ್ತ್ರ

2016ರಲ್ಲಿ ಬಂದ ಯುಪಿಐ, ಹುಂಡಿಯನ್ನು ಚೌಕಾಕಾರದ ಚಿತ್ರವಾಗಿಸಿತು. ಆ ಕ್ಯೂಆರ್ ಚಿತ್ರವನ್ನು ಬಸ್‌ಸ್ಟ್ಯಾಂಡಿನ ಎತ್ತರದ ಬ್ಯಾನರಿನಲ್ಲಿ, ಅಧ್ಯಕ್ಷರ ಮೊಣಕೈ ಪಕ್ಕದ ಮೂಲೆಯಲ್ಲಿ ಮುದ್ರಿಸುವುದು ಲೋಕಾಚಾರ. ಏಣಿ ತಂದ ದಾನಿಗಳು ಕಡಿಮೆ. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಸಂಸ್ಥೆಯ ಹೆಸರೇ ಮೂಡಬೇಕು, ಖಜಾಂಚಿಯ ಅಳಿಯನ ಹೆಸರಲ್ಲ. ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ಕೇಳುವ ದಾನಿ 2000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ಲಾಭ ಸಿಗದು. ಇದನ್ನು ಹಣ ಪಡೆಯುವ ಮುಂಚೆ ತಿಳಿಸುವುದು ಧರ್ಮ. ಹಣ ಬಂದ ದಿನ ರಸೀದಿ, ಖರ್ಚಾದ ದಿನ ಲೆಕ್ಕ, ಎರಡೂ ಅದೇ ಫೋನಿಗೆ ಹೋಗಬೇಕು. ಮೊದಲನೆಯದು ಕೆಲವು ಸಂಸ್ಥೆಗಳಲ್ಲಿ ಪ್ರಚಲಿತವಿದೆ. ಎರಡನೆಯದರ ಹಸ್ತಪ್ರತಿಗಳು ಅಪರೂಪ.

ಅಭ್ಯಾಸ ಪ್ರಶ್ನೆಗಳು (ಯಾವುದಾದರೂ ಎರಡಕ್ಕೆ ಉತ್ತರಿಸಿ)

1. ಒಂದು ಸಸಿ, ಹನ್ನೊಂದು ಸನಿಕೆ, ಇಪ್ಪತ್ತೆರಡು ಗಣ್ಯರು. ಮುಂದಿನ ವರ್ಷ ಅದೇ ಗುಂಡಿಯಲ್ಲಿ ನೆಡುವ ಸಸಿಗೆ ಹೊಸ ಫೋಟೊ ಬೇಕೇ, ಹಳೆಯದು ಸಾಕೇ? ಚರ್ಚಿಸಿ.

2. ನಿಮ್ಮ ಸಂಸ್ಥೆಯ ಗ್ರೂಪಿನ ಕಳೆದ ವಾರದ ಸಂದೇಶಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ. ನಾಲ್ಕನೇ ವರ್ಗ ಖಾಲಿ ಬಂದರೆ ಅಡ್ಮಿನ್ನಿಗೆ ತೋರಿಸಬೇಡಿ, ಸರ್ವಸದಸ್ಯರ ಸಭೆಗೆ ತೋರಿಸಿ.

3. ‘ಶಿಬಿರ ಎಲ್ಲೈತ್ರಿ?’ ಎಂದು ಕಾಕಾ ಕೇಳಿ ಮೂರು ದಿನವಾಯಿತು, ಶಿಬಿರ ಮುಗಿದು ಎರಡು ದಿನವಾಯಿತು. ಕಣ್ಣು ಮಂಜಾದ ಕಾಕಾನಿಗೆ ಈಗ ಯಾವ ಇಮೋಜಿ ಕಳಿಸಬೇಕು, ಅದನ್ನು ಯಾರು ಓದಿ ಹೇಳಬೇಕು?