ಮುದಿ ರಥದ ಮೋಹ

ವ್ಯಸನಗಳು ಬಹುವಿಧವಾಗಿದ್ದರೂ, ಜರಾಜೀರ್ಣವಾದ ಅಮೆರಿಕನ್ ಮೋಟಾರನ್ನು ಸಾಕುವ ವ್ಯಸನಕ್ಕೆ ಸಮನಾದುದು ಬೇರೊಂದಿಲ್ಲವೆಂದೇ ಹೇಳಬೇಕು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ನಿರ್ಮಿತವಾದ ಫೋರ್ಡ್ ಮಾಡೆಲ್ ಟಿ ವಾಹನವನ್ನೇ ನೋಡಿರಿ: 20 ಅಶ್ವಶಕ್ತಿಯ ಈ ಮಹಾಶಯನನ್ನು ಎಚ್ಚರಿಸಲು ಮುಂಭಾಗದ ಹಿಡಿಕೆಯನ್ನು ತೋಳು ಸೋಲುವಂತೆ ತಿರುವಬೇಕು, ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ಕೇವಲ ಗುರುತ್ವಬಲದಿಂದ ಹರಿಯುವ ಕಾರಣ, ಟ್ಯಾಂಕು ಬರಿದಾಗುತ್ತ ಬಂದಂತೆ ಕಡಿದಾದ ದಿಬ್ಬವನ್ನು ಹಿಮ್ಮುಖವಾಗಿಯೇ ಏರಬೇಕು. ಗಂಗಾವತಿಯ ರಸಿಕನೊಬ್ಬನು ಆನೆಗೊಂದಿಯ ಬಂಡೆಗಳ ನಡುವಣ ಏರನ್ನು ಹೀಗೆ ಬೆನ್ನು ಮುಂದಾಗಿ ಹತ್ತಿದನೆಂದರೆ, ಗದ್ದೆಯ ಟ್ರ್ಯಾಕ್ಟರಿನವನು “ದಬ್ಬೋಣೇನ್ರಿ, ಸಾವಕಾರ್ರ?” ಎಂದು ಕೇಳದೆ ಬಿಡುವನೇ?

ಕುಷ್ಟಗಿಯ ಬಿಸಿಲಿನಲ್ಲಿ, ನೀರಿನ ಪಂಪೇ ಇಲ್ಲದ ಈ ಯಂತ್ರದ ರೇಡಿಯೇಟರು ಚಹದಂಗಡಿಯ ಕೆಟಲಿನಂತೆ ಕುದಿಯುವುದು. ಯಲಬುರ್ಗಾದ ಎರೆಭೂಮಿಯ ಕೆಸರಿನಲ್ಲಿ ಮಾತ್ರ ಎತ್ತರದ ಗಾಲಿಗಳು ಮಾನ ಉಳಿಸಿಯಾವು. ಆ ಗಾಲಿಯ ಮರದ ಕಡ್ಡಿ ಮುರಿದರೆ, ಡೆಟ್ರಾಯಿಟಿಗೆ ಓಲೆ ಬರೆಯುವುದಕ್ಕಿಂತ ಕೊಪ್ಪಳದ ಸಮೀಪದ ಕಿನ್ನಾಳದ ಕಾಷ್ಠಶಿಲ್ಪಿಗಳ ಮೊರೆಹೋಗುವುದೇ ಲೇಸು.

ನೋಟಮಾತ್ರದಿಂದ ತೃಪ್ತರಾಗುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದವರು ಕಾಪಾಡಿರುವ ಹಳೆಯ ಕಾರುಗಳನ್ನು ಕಣ್ತುಂಬ ಕಂಡು ಬರಲಿ. ಸಾಕಲು ಹೊರಟವರಾದರೋ ಮೊದಲು ಮನೆಯೊಡತಿಯ ಅನುಮತಿಯನ್ನೂ, ಅನಂತರ ನೆರೆಯ ನಾಲ್ವರು ದಾಂಡಿಗರ ಸ್ನೇಹವನ್ನೂ ಸಂಪಾದಿಸಿಕೊಳ್ಳತಕ್ಕದ್ದು.